ಜಗಲಿಯವರೆಗೆ ಊರಿನದು, ಒಳಮನೆ ನಮ್ಮದು: ಗ್ರಾಮ ಪಂಚಾಯಿತಿಗೆ ಹೊಸದಾಗಿ ಆಯ್ಕೆಯಾದವರಿಗೆ

ಮತ ಎಣಿಕೆಯ ಮರುದಿನ ಬೆಳಿಗ್ಗೆ ನಾನು ಹಿತ್ತಲಿನ ತೊಟ್ಟಿಯ ಬಳಿ ಹಲ್ಲುಜ್ಜುತ್ತಿದ್ದಾಗ, ಎರಡು ಬೀದಿ ಆಚೆಯ ಹಿರಿಯರೊಬ್ಬರು ಪಂಚಾಯಿತಿ ಕೊಡುವ ಆಸ್ತಿ ಪತ್ರವಾದ ನಮೂನೆ 9ರ ಹಳೆಯ ಪ್ರತಿಯೊಂದನ್ನು ಹಿಡಿದುಕೊಂಡು ಬಂದು, ನಾನು ಬಾಯಿ ಮುಕ್ಕಳಿಸಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದರು. ನನ್ನನ್ನು ಚಿಕ್ಕಂದಿನಿಂದ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದ ಅವರು ಅಂದು 'ಮೆಂಬರ್ರೇ' ಎಂದರು. ಹಿತ್ತಲಿನವರೆಗೂ ಬರಲು ಅವರಿಗೆ ಸಂಕೋಚವಾಗಿರಲಿಲ್ಲ; ಬನ್ನಿ ಕೂತುಕೊಳ್ಳಿ ಎನ್ನುವುದಕ್ಕೆ ನನ್ನ ಬಾಯಲ್ಲಿ ನೊರೆಯಿತ್ತು. ಒಂದೇ ರಾತ್ರಿಯಲ್ಲಿ ಅವರ ಮಾತಿನಲ್ಲಿ ಗೌರವ ಹೆಚ್ಚಿತ್ತು, ನನಗೂ ಅವರಿಗೂ ನಡುವಿನ ಗೋಡೆ ಮಾತ್ರ ಬಿದ್ದುಹೋಗಿತ್ತು.

ಪಂಚಾಯಿತಿಯ ಕೆಲಸವನ್ನು ಕಲಿಸುವುದಕ್ಕೆ ವ್ಯವಸ್ಥೆಯಿದೆ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಹೊಸ ಸದಸ್ಯರಿಗೆ ತರಬೇತಿ ಕೊಡುತ್ತದೆ, ವರ್ಷದ ಕಾಮಗಾರಿಗಳ ಪಟ್ಟಿಯಾದ ಕ್ರಿಯಾ ಯೋಜನೆ ಎಂದರೇನು, ಸಭೆಯ ತೀರ್ಮಾನಗಳನ್ನು ಬರೆದಿಡುವ ನಡವಳಿ ಪುಸ್ತಕ ಹೇಗಿರಬೇಕು ಎಂಬುದನ್ನು ಅಲ್ಲಿ ತಿಳಿದುಕೊಳ್ಳಬಹುದು. ಆದರೆ ಇಡೀ ಊರಿನ ಕಣ್ಣು ತನ್ನ ಮೇಲಿರುವಾಗ ಬದುಕುವುದು ಹೇಗೆಂಬುದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಒಂದು ಅವಧಿಯನ್ನು ಮುಗಿಸಿ, ಮಾಡಬಾರದ ತಪ್ಪುಗಳನ್ನೆಲ್ಲ ಸರದಿಯಂತೆ ಮಾಡಿ, ಕೆಲವನ್ನು ತಿದ್ದಿಕೊಂಡವನಾಗಿ ಆ ಭಾಗವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ ಇರುತ್ತಾನೆ. ಶಾಸಕರಿಗೆ ಮತ ಹಾಕಿದವರಲ್ಲಿ ಬಹುಪಾಲು ಜನ ಅವರ ಮನೆಯನ್ನು ಕಂಡಿರುವುದಿಲ್ಲ, ಅವರನ್ನು ಭೇಟಿಯಾಗಬೇಕಾದರೆ ಆಪ್ತ ಸಹಾಯಕನನ್ನು ದಾಟಿ ಹೋಗಬೇಕು. ನಿಮ್ಮ 400 ಜನರಿಗಾದರೋ ನಿಮ್ಮ ಅಜ್ಜನ ಸಾಲ, ನಿಮ್ಮ ತಂಗಿಯ ಮದುವೆಯ ಕಥೆ, ನೀವು ಎಸ್‌ಎಸ್‌ಎಲ್‌ಸಿಯಲ್ಲಿ ಯಾವ ವಿಷಯದಲ್ಲಿ ಉಳಿದುಕೊಂಡಿರಿ ಎಂಬುದೆಲ್ಲ ಗೊತ್ತು. ಪಕ್ಷದ ಚಿಹ್ನೆ ಇಲ್ಲದೆ ನಡೆಯುವ ಚುನಾವಣೆಯಾದ್ದರಿಂದ, ಅವರು ಮತ ಹಾಕಿರುವುದೂ ನಿಮ್ಮ ಮುಖಕ್ಕೆ ಮತ್ತು ಮನೆತನಕ್ಕೆ. ದೊಡ್ಡ ಹುದ್ದೆಯವರಿಗೆ ದೂರವೆಂಬುದು ಹುದ್ದೆಯ ಜೊತೆಗೇ ಬರುತ್ತದೆ. ನೀವು ಅದನ್ನು ಕೈಯಾರೆ ಕಟ್ಟಿಕೊಳ್ಳಬೇಕು. ಅದು ಕೋಟೆಗೋಡೆಯಷ್ಟು ಎತ್ತರವಾದರೆ ಮುಂದಿನ ಚುನಾವಣೆಯಲ್ಲಿ ಜನರೇ ಕೆಡವುತ್ತಾರೆ. ಜಗಲಿಯಷ್ಟು ಎತ್ತರವಿದ್ದರೆ ಸಾಕು.

ಹಾಗಾದರೆ ಜಗಲಿಯವರೆಗೆ ಏನೇನು ಬರುತ್ತದೆ ಎಂಬುದನ್ನು ಪ್ರಮಾಣವಚನದ ವಾರದಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸಭೆಗೆ ಹೋದಿರೋ ಇಲ್ಲವೋ, ಅಲ್ಲಿ ಯಾವುದರ ಪರವಾಗಿ ಕೈಯೆತ್ತಿದಿರಿ, ಎಲ್ಲೆಲ್ಲಿ ಸಹಿ ಹಾಕಿದಿರಿ, ನಿಮ್ಮ ವಾರ್ಡಿಗೆ ಬಂದ ಹಣ ಎಷ್ಟು, ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿಯಲ್ಲಿ ಯಾರ ಹೆಸರು ಯಾಕೆ ಬಂತು, ನಾಮಪತ್ರದೊಂದಿಗೆ ಕೊಟ್ಟ ಘೋಷಣೆಗಳಲ್ಲಿ ಏನಿತ್ತು, ಇವೆಲ್ಲ ಪೂರ್ತಿಯಾಗಿ ಊರಿನವು. ಇವುಗಳ ಬಗ್ಗೆ ಯಾರು, ಎಲ್ಲಿ, ಎಷ್ಟು ಕಟುವಾಗಿ ಕೇಳಿದರೂ ಉತ್ತರ ಕೊಡುವುದು ನಿಮ್ಮ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರಾದರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒ ಅವರಿಗೆ, ಅರ್ಜಿ ಹಾಕಿ ನಡವಳಿಯ ಪ್ರತಿ ಕೇಳಿದರೆ ಅದನ್ನು ವೈಯಕ್ತಿಕ ದ್ವೇಷವೆಂದು ತಿಳಿಯಬೇಡಿ. ಅವರು ಕೇಳುತ್ತಿರುವುದು ತಮ್ಮದೇ ಪತ್ರವನ್ನು. ಕಾಯಿಲೆ, ಮಕ್ಕಳ ಅಂಕ, ದಾಯಾದಿಗಳ ಜೊತೆಗಿನ ಮನಸ್ತಾಪ, ಮನೆಯಲ್ಲಿ ಯಾವ ದೇವರಿಗೆ ಯಾವ ವಾರ ಎಂಬಂಥವು ಒಳಮನೆಯವು.

ನಡುವೆ ಹೊಸ್ತಿಲಿನಂಥ ಒಂದು ಜಾಗವಿದೆ, ಎಡವುವುದು ಅಲ್ಲಿಯೇ. ಪಂಚಾಯಿತಿಯ ಆದೇಶದ ಮೇರೆಗೆ ನಡೆಯುವ ಕಾಮಗಾರಿಯಲ್ಲೋ ಗುತ್ತಿಗೆಯಲ್ಲೋ ನೇರವಾಗಿ ಇಲ್ಲವೇ ಪರೋಕ್ಷವಾಗಿ ನಿಮ್ಮ ಪಾಲು ಇದ್ದರೆ ಅದು ಸದಸ್ಯತ್ವದ ಅನರ್ಹತೆಗೆ ಕಾರಣವಾಗುತ್ತದೆ. ಆದ್ದರಿಂದ ಭಾವಮೈದುನನ ಟ್ರ್ಯಾಕ್ಟರು, ಮಗನ ಜೆಸಿಬಿ, ಅಣ್ಣನ ಹೆಸರಿನ ಸಿಮೆಂಟ್ ಅಂಗಡಿ ಇವು ನಿನ್ನೆಯವರೆಗೆ ಮನೆಯ ವಿಷಯಗಳಾಗಿದ್ದರೂ ಇಂದಿನಿಂದ ಹಾಗಲ್ಲ. ಮನೆಯವರ ಬಳಕೆಗೆ ಶೌಚಾಲಯ ಇಲ್ಲದಿರುವುದನ್ನೂ ಅದೇ ಅಧಿನಿಯಮ ಅನರ್ಹತೆಯೆಂದು ಹೇಳಿ, ಕಟ್ಟಿಸಿಕೊಳ್ಳಲು ಕಾಲಾವಕಾಶವನ್ನೂ ಕೊಡುತ್ತದೆ. ಹಿತ್ತಲಿನವರೆಗೆ ಬರುವುದರಲ್ಲಿ ನಮ್ಮ ಬೀದಿಯ ಹಿರಿಯರಿಗಿಂತ ಕಾನೂನೇ ಒಂದು ಹೆಜ್ಜೆ ಮುಂದಿದೆ ಎಂದು ಆಗ ನನಗೆ ನಗು ಬಂದಿತ್ತು.

ಇನ್ನು ಜಗಲಿಯ ಮೇಲಿನ ವ್ಯವಹಾರ. ಇದಕ್ಕೆ ಹೊತ್ತು ನಿಗದಿ ಮಾಡಿ. ಬೆಳಿಗ್ಗೆ ಏಳರಿಂದ ಎಂಟೂವರೆಯವರೆಗೆ ಮನೆಯಲ್ಲಿ ಸಿಗುತ್ತೇನೆ, ಸಂತೆಯ ದಿನ ಮಧ್ಯಾಹ್ನದವರೆಗೆ ಪಂಚಾಯಿತಿ ಕಚೇರಿಯಲ್ಲಿರುತ್ತೇನೆ ಎಂದು ಹಾಲಿನ ಡೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿಬಿಟ್ಟರೆ ಮೂರು ದಿನದಲ್ಲಿ ಊರಿಗೆಲ್ಲ ತಿಳಿಯುತ್ತದೆ. ಮೊದಲ ಎರಡು ತಿಂಗಳು ಯಾರೂ ಆ ಹೊತ್ತನ್ನು ಪಾಲಿಸುವುದಿಲ್ಲ. ಆದರೂ ನೀವು ಪಾಲಿಸಬೇಕು. ಏಳು ಗಂಟೆಗೆ ಬಂದವನಿಗೆ ನೀವು ಸಿಕ್ಕರೆ ಮಾತ್ರ ರಾತ್ರಿ ಹತ್ತಕ್ಕೆ ಬಂದವನಿಗೆ ನಾಳೆ ಬನ್ನಿ ಎನ್ನುವ ಅಧಿಕಾರ ನಿಮಗಿರುತ್ತದೆ. ಸಾವು, ಬೆಂಕಿ, ಹೆರಿಗೆ, ಹಾವು ಕಚ್ಚಿದ್ದು ಇವಕ್ಕೆ ಹೊತ್ತಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಕುಳಿತುಕೊಳ್ಳುವ ಜಾಗದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿರಲಿ. ಬಂದವರ ಹೆಸರು, ದಿನಾಂಕ, ವಿಷಯ, ನೀವು ಹೇಳಿದ ಉತ್ತರ, ಇಷ್ಟನ್ನು ಅವರ ಎದುರಿಗೇ ಬರೆಯಿರಿ. ಬರೆಯುವುದನ್ನು ಕಂಡಾಗ ಜನರ ಮಾತು ತಾನಾಗಿ ಚಿಕ್ಕದಾಗುತ್ತದೆ, ಹಾಗೂ ತಮ್ಮ ವಿಷಯ ಗಾಳಿಗೆ ಹೋಗಲಿಲ್ಲವೆಂಬ ಸಮಾಧಾನ ಅವರಿಗಾಗುತ್ತದೆ. ಉತ್ತರ ಮೂರೇ ಬಗೆಯದ್ದಾಗಿರಬೇಕು: ಇದು ನಾನೇ ಮಾಡಬಹುದಾದದ್ದು, ಇಂಥ ದಿನದೊಳಗೆ ಮಾಡುತ್ತೇನೆ, ಇದು ಸಭೆಯಲ್ಲಿ ತೀರ್ಮಾನವಾಗಬೇಕಾದದ್ದು, ಮುಂದಿನ ಸಭೆಯಲ್ಲಿ ಇಡುತ್ತೇನೆ, ಇದು ಪಂಚಾಯಿತಿಗೆ ಸೇರಿದ್ದಲ್ಲ, ನಾಡಕಚೇರಿಗೋ ಬೆಸ್ಕಾಂಗೋ ಹೋಗಬೇಕು. ಮೂರನೆಯ ಉತ್ತರ ಕೊಡುವಾಗ ಯಾವ ಕಚೇರಿ, ಯಾವ ಕಾಗದ ಬೇಕು ಎಂಬುದನ್ನೂ ಹೇಳಿದರೆ ಅದು ತಳ್ಳಿಹಾಕಿದಂತಾಗುವುದಿಲ್ಲ.

ನಿಮ್ಮ ನಾಲಿಗೆಯಿಂದ ಒಂದು ಪದವನ್ನು ಕಿತ್ತುಹಾಕಿ: ನೋಡೋಣ. ನಾವು 'ನೋಡೋಣ' ಎನ್ನುವುದು ಎದುರಿಗಿರುವವರ ಮುಖ ಮುರಿಯಲಾರದೆ. ಕೇಳುವವರು ಅದನ್ನು ಮನೆಗೆ ಕೊಂಡೊಯ್ಯುವುದು 'ಹೂಂ' ಎಂದೇ. ಹಿಂದೆ ನೀವು ಸಾಮಾನ್ಯರಾಗಿದ್ದಾಗ ಅದು ಸೌಜನ್ಯವಾಗಿತ್ತು, ಈಗ ಅದು ವಾಗ್ದಾನ. ಒಂದು ಓಣಿಯ ಚರಂಡಿಯ ಬಗ್ಗೆ ನಾನು ಮದುವೆಯ ಪಂಕ್ತಿಯಲ್ಲಿ ಪಾಯಸ ಬಡಿಸಿಕೊಳ್ಳುತ್ತಾ ಹೇಳಿದ 'ನೋಡೋಣ' ಒಂದೂವರೆ ವರ್ಷದ ನಂತರ ಗ್ರಾಮಸಭೆಯಲ್ಲಿ, ನೂರು ಜನರ ಎದುರು, ದಿನಾಂಕ ಸಮೇತ ನನಗೇ ವಾಪಸು ಬಂತು. ಕ್ರಿಯಾ ಯೋಜನೆಯಲ್ಲಿ ಆ ಚರಂಡಿಯ ಹೆಸರೇ ಇರಲಿಲ್ಲ. ಅಂದು ಕ್ಷಮೆ ಕೇಳಿ ಕುಳಿತೆ. ಸಬೂಬು ಹೇಳಿದ್ದರೆ ಇನ್ನೂ ಅರ್ಧ ಗಂಟೆ ನಿಲ್ಲಬೇಕಾಗುತ್ತಿತ್ತು.

ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿಗೊಂದು ನಂಬರು, ಮನೆಗೊಂದು ನಂಬರು ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀರು ಬಿಡುವ ಹೊತ್ತು, ಸಭೆಯ ದಿನಾಂಕ, ಕಾಮಗಾರಿಯ ಫೋಟೋ ಇಷ್ಟನ್ನೇ ಹಾಕಿ, ಅಲ್ಲಿ ವಾದಕ್ಕಿಳಿಯಬೇಡಿ. ಧ್ವನಿ ಸಂದೇಶ ಕಳಿಸುವ ಮುನ್ನ ಅದನ್ನು ಅರಳೀಕಟ್ಟೆಯ ಮೇಲೆ ಮೈಕಿನಲ್ಲಿ ಹಾಕಿದರೆ ಹೇಗೆ ಕೇಳಿಸೀತು ಎಂದು ಯೋಚಿಸಿ, ಏಕೆಂದರೆ ಕೊನೆಗೆ ಅದು ಅಲ್ಲಿಗೇ ತಲುಪುತ್ತದೆ.

ಮುಯ್ಯಿಯ ವಿಷಯ ಹಾಗೆ ಚಿಕ್ಕದಲ್ಲ. ಸದಸ್ಯನಾದ ಮೇಲೆ ಲಗ್ನಪತ್ರಿಕೆಗಳು ಮೂರು ಪಟ್ಟಾಗುತ್ತವೆ, ಗೃಹಪ್ರವೇಶ, ನಾಮಕರಣ, ಸೀಮಂತ, ತಿಥಿ, ಗಣಪತಿ, ಅಣ್ಣಮ್ಮ, ಕಬಡ್ಡಿ ಪಂದ್ಯಾವಳಿ ಎಲ್ಲಕ್ಕೂ ಕರೆ ಬರುತ್ತದೆ. ಸರ್ಕಾರ ಕೊಡುವ ಗೌರವಧನ ಪೆಟ್ರೋಲಿಗೂ ಸಾಲದು. ನನಗೆ ತಿಳಿದ ಮಟ್ಟಿಗೆ, ಒಳ್ಳೆಯ ಮನಸ್ಸಿನಿಂದ ಬಂದ ಸದಸ್ಯರು ಕೈಕೆಡಿಸಿಕೊಳ್ಳಲು ಆರಂಭಿಸುವುದು ದುರಾಸೆಯಿಂದಲ್ಲ, ಈ ಮುಯ್ಯಿಯ ಸಾಲದಿಂದ. ಮೆಂಬರು ಬಂದು ನೂರು ರೂಪಾಯಿ ಬರೆಸಿದರೆ ಏನಂದುಕೊಂಡಾರು ಎಂಬ ನಾಚಿಕೆಗೆ ಐನೂರು ಬರೆಸುವುದು, ಐನೂರು ತರುವುದಕ್ಕೆ ಗುತ್ತಿಗೆದಾರನೊಬ್ಬ ಜೇಬಿಗೆ ತುರುಕಿದ್ದನ್ನು ಕೈಗಡವೆಂದು ಭಾವಿಸಿಕೊಳ್ಳುವುದು. ಕಾನೂನಿಗೆ ಅದು ಕೈಗಡವಲ್ಲ. ಪಂಚಾಯಿತಿ ಸದಸ್ಯರು ಸಾರ್ವಜನಿಕ ನೌಕರರಾದ್ದರಿಂದ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಅವರಿಗೂ ಅನ್ವಯಿಸುತ್ತದೆ.

ಆದ್ದರಿಂದ ಆಯ್ಕೆಯಾದ ಮೊದಲ ಮದುವೆಯಲ್ಲೇ ಮೊತ್ತವೊಂದನ್ನು ಗಟ್ಟಿಮಾಡಿ, ಐದು ವರ್ಷವೂ ಎಲ್ಲ ಮನೆಗೂ ಅದನ್ನೇ ಬರೆಸಿ. ಸಾಹುಕಾರನ ಮನೆಗೂ ಅಷ್ಟೇ, ಕೂಲಿಯವನ ಮನೆಗೂ ಅಷ್ಟೇ. ಮೊದಲ ವರ್ಷ ಜುಗ್ಗನೆಂಬ ಹೆಸರು ಬರುತ್ತದೆ, ಎರಡನೆಯ ವರ್ಷಕ್ಕೆ ಅದು ನಿಮ್ಮ ಪದ್ಧತಿಯೆಂದಾಗುತ್ತದೆ. ನಿಮ್ಮ ಮನೆಯಲ್ಲಿ ಶುಭಕಾರ್ಯವಾದಾಗ ಮುಯ್ಯಿ ಬರೆದುಕೊಳ್ಳುವವರನ್ನು ಕೂರಿಸದಿರುವುದು ಒಳ್ಳೆಯದು. ನಾನು ಹಾಗೆ ಮಾಡಲಿಲ್ಲ, ಮಗಳ ಮದುವೆಯ ಆ ಪುಸ್ತಕವನ್ನು ಇಂದಿಗೂ ತೆರೆದು ನೋಡಲು ಹಿಂಜರಿಯುತ್ತೇನೆ. ಮದುವೆಗೆ ಹೋಗಲಾಗದಿದ್ದರೆ ಜನ ಮರೆಯುತ್ತಾರೆ. ಸಾವಿಗೆ ಹೋಗದಿದ್ದರೆ ಮರೆಯುವುದಿಲ್ಲ, ಮರೆಯಲೂಬಾರದು. ಹಾರ ಬೇಡ, ಹಣ ಬೇಡ, ಮಣ್ಣಾಗುವವರೆಗೆ ನಿಂತರೆ ಸಾಕು.

ಫ್ಲೆಕ್ಸಿನಲ್ಲಿ ನಿಮ್ಮ ಮುಖ ಹಾಕಿಸುತ್ತೇವೆಂದು ಹುಡುಗರು ಬಂದರೆ ಬೇಡವೆನ್ನಿ. ಅಬ್ದುಲ್ ನಜೀರ್ ಸಾಬ್ ಅವರು 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೆ ಕೊಳವೆಬಾವಿ ತಂದದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಆ ಹೆಸರನ್ನು ಯಾವ ಬ್ಯಾನರಿನಿಂದಲೂ ಕಲಿತದ್ದಲ್ಲ. ಮೂವತ್ತೈದು ವರ್ಷ ದಾಟಿದ ಮೇಲೂ ನಮ್ಮ ಕಡೆಯ ಮುದುಕಿಯರ ಬಾಯಲ್ಲಿ ಅದು ಉಳಿದಿದೆ.

ಟೀಕೆಯ ವಿಷಯವನ್ನು ನಿಧಾನವಾಗಿ ಓದಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಪ್ರಕರಣ, ಅಂದರೆ ಹಿಂದೆ ದಂಡ ಸಂಹಿತೆಯ 499 ಮತ್ತು 500ನೇ ಪ್ರಕರಣಗಳಲ್ಲಿದ್ದದ್ದು, ಮಾನನಷ್ಟವನ್ನು ಅಪರಾಧವೆನ್ನುತ್ತದೆ. ಆದರೆ ಅದಕ್ಕೆ ಹಲವು ವಿನಾಯಿತಿಗಳಿವೆ. ಸಾರ್ವಜನಿಕ ನೌಕರನು ತನ್ನ ಕರ್ತವ್ಯ ನಿರ್ವಹಿಸುವಾಗ ನಡೆದುಕೊಂಡ ರೀತಿಯ ಬಗ್ಗೆಯೂ, ಆ ನಡತೆಯಲ್ಲಿ ತೋರಿಬರುವಷ್ಟರ ಮಟ್ಟಿಗೆ ಅವನ ಸ್ವಭಾವದ ಬಗ್ಗೆಯೂ ಯಾರಾದರೂ ಸದ್ಭಾವನೆಯಿಂದ ಅಭಿಪ್ರಾಯ ಹೇಳಿದರೆ ಅದು ಮಾನನಷ್ಟವಲ್ಲ. ಆದರೆ ಆ ರಕ್ಷಣೆ ಅಷ್ಟಕ್ಕೆ ಮಾತ್ರ, ಅದರಾಚೆಗಲ್ಲ. 'ಅದರಾಚೆಗಲ್ಲ' ಎಂಬ ಆ ಕೊನೆಯ ಮಾತನ್ನು ಓದಿದಾಗ ನಾನು ಹುಡುಕುತ್ತಿದ್ದ ಜಗಲಿ ಅಲ್ಲಿ ಕಂಡಿತು. 1994ರಲ್ಲಿ ರಾಜಗೋಪಾಲ್ ಮತ್ತು ತಮಿಳುನಾಡು ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತು: ಅಧಿಕಾರದಲ್ಲಿರುವವರು ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದ ನಡವಳಿಕೆಯ ಮಟ್ಟಿಗೆ ಖಾಸಗಿತನದ ಹಕ್ಕನ್ನು ಮುಂದೊಡ್ಡುವಂತಿಲ್ಲ, ಮತ್ತು ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ತನ್ನ ಮಾನನಷ್ಟವಾಯಿತೆಂದು ಪರಿಹಾರದ ದಾವೆ ಹೂಡುವಂತಿಲ್ಲ. ಪಂಚಾಯಿತಿಯ ಮರ್ಯಾದೆ ಹೋಯಿತು, ಅವನ ಮೇಲೆ ಕೇಸು ಹಾಕೋಣ ಎಂದು ಸಭೆಯಲ್ಲಿ ಯಾರಾದರೂ ಎದ್ದುನಿಂತರೆ ಈ ತೀರ್ಪನ್ನು ನೆನಪಿಸಿ.

ಇನ್ನೊಂದು ಬದಿಗೆ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ರಾಜ್ಯದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿ ನಿವೃತ್ತರಾದವರು. ಹುದ್ದೆಗೆ ಬಂದವರು ಒಳಮನೆಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ಇದನ್ನು ನಡೆಯಲ್ಲಿ ತರುವುದು ಹೀಗೆ. ನಿಮ್ಮ ಬಗ್ಗೆ ಕಿವಿಗೆ ಬಿದ್ದ ಮಾತು ನಿಮ್ಮ ಕೆಲಸದ ಕುರಿತ ಅಭಿಪ್ರಾಯವೋ, ಕೆಲಸದ ಕುರಿತ ಸುಳ್ಳು ಸಂಗತಿಯೋ, ಅಥವಾ ಮನೆಯವರ ಕುರಿತದ್ದೋ ಎಂದು ಮೊದಲು ಕೇಳಿಕೊಳ್ಳಿ. ಅಭಿಪ್ರಾಯವಾದರೆ ಸುಮ್ಮನಿರಿ; ಕೈಲಾಗದವನು, ಮಾತಿನ ಮಲ್ಲ, ಮುಂಗೋಪಿ ಎನ್ನುವುದಕ್ಕೆಲ್ಲ ಜನರಿಗೆ ಹಕ್ಕಿದೆ. ಸುಳ್ಳು ಸಂಗತಿಯಾದರೆ ಬಾಯಿಯಿಂದಲ್ಲ, ಕಾಗದದಿಂದ ಉತ್ತರಿಸಿ. ನಮ್ಮ ವಾರ್ಡಿನ ಕುಡಿಯುವ ನೀರಿನ ಪೈಪು ನನ್ನ ತೆಂಗಿನ ತೋಟಕ್ಕೆ ಹೋಗಿದೆಯೆಂದು ಒಮ್ಮೆ ಹೋಟೆಲಿನಲ್ಲಿ ಮಾತೆದ್ದಾಗ ನಾನು ಅಲ್ಲಿಗೇ ಹೋಗಿ ಕೂಗಾಡಿ ಬಂದೆ, ಕೂಗಾಡಿದ್ದರಿಂದ ಅಲ್ಲಿಯವರೆಗೆ ನಂಬದಿದ್ದವರೂ ನಂಬಿದರು. ವಾರದ ನಂತರ ಎಂಜಿನಿಯರರ ಅಳತೆ ಪುಸ್ತಕದ ಪ್ರತಿಯನ್ನೂ ಬಿಲ್ಲನ್ನೂ ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಿ, ಅನುಮಾನವಿದ್ದವರು ಟೇಪು ಹಿಡಿದು ಬರಬಹುದೆಂದು ಬರೆದೆ. ಇಬ್ಬರು ನಿಜವಾಗಿಯೂ ಟೇಪು ತಂದರು. ಅಳೆದು, ಎಳನೀರು ಕುಡಿದು ಹೋದರು. ಮಾತು ಮನೆಯ ಹೆಣ್ಣುಮಕ್ಕಳ ಬಗ್ಗೆಯೋ ಕಾಯಿಲೆಯ ಬಗ್ಗೆಯೋ ಇದ್ದರೆ ಮಾತ್ರ ವಕೀಲರನ್ನು ಕಾಣಿ, ಅದೂ ಮನೆಯವರು ಒಪ್ಪಿದರೆ.

ಹುದ್ದೆಯಿಲ್ಲದೆಯೂ ಜನ ಸಾರ್ವಜನಿಕ ವ್ಯಕ್ತಿಗಳಾಗುತ್ತಾರೆ. ಶಿವರಾಮ ಕಾರಂತರು 1975ರ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದಾಗಲಾಗಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ನಿಂತಾಗಲಾಗಲಿ ಯಾವ ಅಧಿಕಾರದಲ್ಲೂ ಇರಲಿಲ್ಲ. ಸಾರ್ವಜನಿಕ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡ ಯಾರ ನಡತೆಯ ಬಗ್ಗೆಯೂ ಸದ್ಭಾವನೆಯ ಅಭಿಪ್ರಾಯ ಹೇಳಬಹುದೆಂದು ಅದೇ 356ನೇ ಪ್ರಕರಣ ಹೇಳುವುದರಿಂದ, ನಿಮ್ಮೂರಿನ ಕೆರೆ ಒತ್ತುವರಿಯ ವಿರುದ್ಧ ಅರ್ಜಿ ಹಾಕುವ ಯುವಕನೂ, ಯುವಕ ಸಂಘದ ಅಧ್ಯಕ್ಷನೂ ಅಷ್ಟರ ಮಟ್ಟಿಗೆ ನಿಮ್ಮ ಜೊತೆಗಾರರೇ. ಅವರು ನಿಮ್ಮನ್ನು ಟೀಕಿಸಬಹುದು, ನೀವೂ ಅವರನ್ನು ಟೀಕಿಸಬಹುದು. ಅವರ ಮನೆಯನ್ನು ಮಾತ್ರ ಎಳೆಯಬೇಡಿ.

ಅಧ್ಯಕ್ಷೆಯಾಗಿ, ಸದಸ್ಯೆಯಾಗಿ ಬಂದಿರುವ ಅಕ್ಕಂದಿರಿಗೂ ಅವರ ಯಜಮಾನರಿಗೂ ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲು, ಆದರೂ ಬಹಳ ಊರುಗಳಲ್ಲಿ 'ಮೆಂಬರ್ರು' ಎಂದು ಕರೆಸಿಕೊಳ್ಳುವುದು ಗಂಡಂದಿರು. ಸಾರ್ವಜನಿಕ ವ್ಯಕ್ತಿ ಎಂದರೆ ಸಹಿ ಯಾರದೋ ಅವರು. ಚೆಕ್ಕಿನ ಮೇಲೆ, ನಡವಳಿಯಲ್ಲಿ ನಿಮ್ಮ ಹೆಸರಿದ್ದ ಮೇಲೆ ನಾಳೆ ಲೋಕಾಯುಕ್ತದ ನೋಟಿಸು ಬಂದರೂ ನಿಮ್ಮ ಹೆಸರಿಗೇ ಬರುತ್ತದೆ, ಯಜಮಾನರ ಹೆಸರಿಗಲ್ಲ. ಆದ್ದರಿಂದ ಕಚೇರಿಯ ಫಲಕದಲ್ಲಿ ನಿಮ್ಮ ಸ್ವಂತ ನಂಬರನ್ನೇ ಬರೆಸಿ, ಅರ್ಜಿಗಳನ್ನು ನಿಮ್ಮ ಕೈಗೇ ಕೊಡುವಂತೆ ಹೇಳಿ, ಓದದ ಯಾವುದಕ್ಕೂ ಸಹಿ ಹಾಕಬೇಡಿ, ಓದಲು ಬಾರದಿದ್ದರೆ ಪಿಡಿಒ ಅವರಿಂದ ಸಭೆಯಲ್ಲೇ ಗಟ್ಟಿಯಾಗಿ ಓದಿಸಿ. ಯಜಮಾನರು ಬೈಕಿನಲ್ಲಿ ಬಿಟ್ಟು ಹೋಗಲಿ, ಸಭೆ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗಲಿ. ಸಭಾಂಗಣದ ಕುರ್ಚಿ ಅವರದಲ್ಲ.

ಮನೆಯ ಉಳಿದವರನ್ನೂ ಕೂರಿಸಿಕೊಂಡು ಒಮ್ಮೆ ಮಾತಾಡಿ. ಮಕ್ಕಳಿಗೆ ಶಾಲೆಯಲ್ಲಿ ನಿಮ್ಮ ಬಗ್ಗೆ ಕೊಂಕು ಮಾತು ಕೇಳಿಬರುತ್ತದೆ, ನಲ್ಲಿಯ ಬಳಿ ನಿಮ್ಮ ತಾಯಿಗೆ ನೀರಿನ ಕಥೆ ಕೇಳಬೇಕಾಗುತ್ತದೆ. ಅದಕ್ಕೆಲ್ಲ ಅವರು ಉತ್ತರಿಸಬೇಕಾಗಿಲ್ಲ, ಬೆಳಿಗ್ಗೆ ಏಳಕ್ಕೆ ಬಂದು ಅವರನ್ನೇ ಕೇಳಿ ಎಂದರೆ ಸಾಕು ಎಂಬುದನ್ನು ಅವರಿಗೆ ಹೇಳಿಕೊಡಿ. ಚುನಾವಣೆಗೆ ನಿಂತದ್ದು ನೀವು.

ಅವಧಿ ಮುಗಿಯುವ ಹೊತ್ತಿಗೆ ಜಗಲಿಯ ಪುಸ್ತಕವನ್ನು ತೆರೆದು, ಕೊಟ್ಟ ಮಾತುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಗುರುತು ಹಾಕಿ, ಆಗದವುಗಳ ಪಟ್ಟಿಯೊಂದನ್ನು ಹೊಸದಾಗಿ ಗೆದ್ದವರಿಗೆ ಕೊಡಿ, ಅವರು ನಿಮ್ಮನ್ನು ಸೋಲಿಸಿದವರಾಗಿದ್ದರೂ ಸರಿ. ಅವರು ಅದನ್ನು ತೆಗೆದುಕೊಳ್ಳುತ್ತಾರೋ ಬಿಡುತ್ತಾರೋ ಅವರಿಗೆ ಸೇರಿದ್ದು. ಜನ ಮಾತ್ರ ಒಡನೆಯೇ ನಿಮ್ಮನ್ನು ಬಿಡುವುದಿಲ್ಲ. ಆ ಮೊದಲ ದಿನದ ಹಿರಿಯರು ನಾನು ಮಾಜಿಯಾಗಿ ಆರು ತಿಂಗಳ ಮೇಲೆ ಮತ್ತೆ ಬಂದಿದ್ದರು, ಅದೇ ನಮೂನೆ 9ರಲ್ಲಿ ಮಗನ ಹೆಸರು ತಪ್ಪಾಗಿತ್ತು. ಈಗಿನ ಮೆಂಬರು ಬೆಳಿಗ್ಗೆ ಎಂಟರ ಮೇಲೆ ಮನೆಯಲ್ಲಿ ಸಿಗುತ್ತಾರೆ ಎಂದು ಹೇಳಿ, ತಿದ್ದುಪಡಿಗೆ ಬೇಕಾದ ಕಾಗದಗಳ ಹೆಸರು ಬರೆದುಕೊಟ್ಟೆ. ಹೋಗುವಾಗ ಅವರು ನನ್ನನ್ನು ಮತ್ತೆ ಹೆಸರು ಹಿಡಿದು, ಏಕವಚನದಲ್ಲಿ ಕರೆದರು.